ಇಬ್ಬರನ್ನು ಅನುಕರಿಸಿದ ಹರಿಗೋಲಿನವನು

ನೀರಿನ ಬಣ್ಣವನ್ನು ನೋಡಿಯೇ ಅದರ ಮನಸ್ಸನ್ನು ತಿಳಿಯಬಲ್ಲವನು; ಬಸುರಿಯರು ಏರಿದಾಗ ಹರಿಗೋಲು ಒಂದು ಸುತ್ತೂ ಸುತ್ತದಂತೆ ಹುಟ್ಟುಹಾಕುವವನು; ದಾಟಲೊಲ್ಲದೆ ಕಾಲೂರಿ ನಿಂತ ಕರುವಿನ ಕಿವಿಯಲ್ಲಿ ಏನನ್ನೋ ಉಸುರಿ ಅದನ್ನು ನಾಲ್ಕು ಜನರ ನಡುವೆ ಸಭ್ಯನಂತೆ ನಿಲ್ಲಿಸಬಲ್ಲವನು; ಹೆಂಡತಿಯ ಮಾತಿಗೆ ಮೊದಲು ಎದುರಾಡಿ, ಆಮೇಲೆ ಅದರಂತೆಯೇ ನಡೆದು, ಕಡೆಗೆ ಅದು ತನ್ನದೇ ಆಲೋಚನೆಯೆಂದು ನಂಬುವವನು; ಹಬ್ಬದ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಕೂರುವ ದುರಾಸೆಯಿಲ್ಲದವನು, ಎಲ್ಲರಿಗಿಂತ ಮೊದಲು ಏಳುವ ಅವಸರವೂ ಇಲ್ಲದವನು; ಭಾನುವಾರದ ಆರಾಧನೆಯನ್ನು ತಪ್ಪಿಸದವನು, ಅಲ್ಲಿ ಕಣ್ಣು ಮುಚ್ಚಿದರೂ ಗೊರಕೆಯಿಂದ ಪರರ ಭಕ್ತಿಗೆ ಭಂಗ ತಾರದವನು; ಕೋಪವನ್ನು ಮರುದಿನಕ್ಕೆ ಉಳಿಸಿಕೊಳ್ಳುವಷ್ಟು ಜ್ಞಾಪಕಶಕ್ತಿ ಇಲ್ಲದವನು. ಇಂತಹ ಗುಣರಾಶಿಗೆ ಒಡೆಯನಾದ ಪುರುಷನೊಬ್ಬನು ತಿರುಮಕೂಡಲು ನರಸೀಪುರದ ಕಡವಿನಲ್ಲಿದ್ದನು. ಅವನ ಹೆಸರು ಸಮಾಧಾನಪ್ಪ.

ಒಳ್ಳೆಯ ಅಕ್ಕಿಯಲ್ಲಿಯೂ ಒಂದು ಕಲ್ಲು ಇರುವುದುಂಟು. ಸಮಾಧಾನಪ್ಪನಲ್ಲಿದ್ದ ಕಲ್ಲು ಅವನ ಗಂಟಲಿನಲ್ಲಿತ್ತು. ಒಮ್ಮೆ ನೋಡಿದ ನಡಿಗೆ ಅವನ ಕಾಲಿಗೆ ಅಂಟುತ್ತಿತ್ತು. ಒಮ್ಮೆ ಕೇಳಿದ ಧ್ವನಿ ಅವನ ನಾಲಗೆಯಲ್ಲಿ ಮನೆ ಮಾಡುತ್ತಿತ್ತು. ಅಮಲ್ದಾರರ ಕಚೇರಿಯ ಗುಮಾಸ್ತೆ ಸೀನುವ ಬಗೆ, ವೀಳ್ಯದೆಲೆಯ ಮುದುಕಿ ಎಲೆಯೆಣಿಸುತ್ತ ನಡುವೆ ಎಲೆ ಹಾರಿಸುವ ರಾಗ, ತಾಯಿಯನ್ನು ಕಾಣದ ಮೇಕೆಮರಿಯ ಅಳು, ಎಲ್ಲವೂ ಕಪಿಲೆಯ ನಡುನೀರಿನಲ್ಲಿ ಪುನರ್ಜನ್ಮ ಪಡೆಯುತ್ತಿದ್ದವು. ಒಂದು ಭಾನುವಾರ ಉಪದೇಶಿಗಳು, ಕೇಡಿಗನ ಹೆಜ್ಜೆಯನ್ನು ಬಿಟ್ಟು ಸಜ್ಜನನ ಹೆಜ್ಜೆಯಲ್ಲಿ ಹೆಜ್ಜೆಯಿಡಬೇಕೆಂದು ಬಹಳ ಮನಮುಟ್ಟುವಂತೆ ಬೋಧಿಸಿದರು. ಸಮಾಧಾನಪ್ಪನು ಕಣ್ಣೆವೆಯಿಕ್ಕದೆ ಕೇಳಿದನು. ಉಪದೇಶಿಗಳು ಬಲಗೈಯನ್ನು ಎತ್ತಿದ್ದು, ಕನ್ನಡಕವನ್ನು ಹಣೆಗೇರಿಸಿದ್ದು, ವಾಕ್ಯದ ಕೊನೆಯಲ್ಲಿ ಉಸಿರು ಸಾಲದೆ ಮೆಲ್ಲಗೆ ಕೆಮ್ಮಿದ್ದು, ಇವೆಲ್ಲವನ್ನೂ ಅವನು ಸಂಜೆಯ ಹೊತ್ತಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಪ್ಪಿಸಿದನು. ಬೋಧೆ ಯಾವುದರ ಮೇಲೆ ಎಂದು ಹೆಂಡತಿ ರಾಚಮ್ಮ ಕೇಳಿದಾಗ ಮಾತ್ರ ತಲೆ ಕೆರೆದುಕೊಂಡನು.

ಆದರೆ ಅವನ ಭಂಡಾರದ ಮುಕುಟಮಣಿ ಶೇಕದಾರ್ ಮಾಣಿಕ್ಯಪ್ಪನವರು. ಇವರು ಸರ್ಕಾರದ ಕಂದಾಯದ ಕೆಲಸ ಮುಗಿಸಿ, ವಿಶ್ರಾಂತಿ ವೇತನ ಪಡೆದು, ನದಿಯ ಆಚೆ ದಡದ ಕ್ರೈಸ್ತ ಕೇರಿಯಲ್ಲಿ ನೆಲೆಸಿದ್ದರು. ಸಮಾಧಾನಪ್ಪನ ಮನೆಯೂ ಆ ಕೇರಿಯಲ್ಲಿಯೇ. ಪ್ರಾರ್ಥನಾ ಮಂದಿರದ ಬೀಗದ ಕೈ ಅವರ ಸೊಂಟದಲ್ಲಿ, ಮೊದಲ ಬೆಂಚು ಅವರ ಅಡಿಯಲ್ಲಿ, ಕಡೆಯ ಮಾತು ಅವರ ಬಾಯಲ್ಲಿ. ಪ್ಲೇಗಿನ ವರ್ಷದಲ್ಲಿ ಪರಸ್ಥಳದವರನ್ನು ಊರೊಳಗೆ ಬಿಡಬಾರದೆಂಬ ನಿರ್ಬಂಧವಿದ್ದಿತಷ್ಟೆ. ಪ್ಲೇಗು ತೊಲಗಿತು, ನಿರ್ಬಂಧವೂ ತೊಲಗಿತು, ಮಾಣಿಕ್ಯಪ್ಪನವರು ಮಾತ್ರ ಅದನ್ನು ತಮ್ಮ ಸ್ವಂತ ಆಸ್ತಿಯಂತೆ ಉಳಿಸಿಕೊಂಡರು. ಸುವಾರ್ತೆಯ ಪುಸ್ತಕ ಮಾರುವವರು ಬಂದರೂ, ಯಾರದೋ ಸೋದರಮಾವ ಬಂದರೂ, ಕಡವಿನ ಮೇಲೆ ನಿಂತು ಬೆತ್ತ ಕುಟ್ಟಿ ಅವರು ಗರ್ಜಿಸುವರು: "ಯಾರಯ್ಯಾ ಅದು? ಪರಸ್ಥಳದವರೋ? ಮೈಮೇಲೆ ಪ್ಲೇಗಿನ ಗೆಡ್ಡೆ ಎದ್ದಿದೆಯೋ ಏನೋ! ಖಡಕ್ ತಾಕೀದು ಇದೆ, ಹಿಂದಕ್ಕೆ ಹೋಗಿ!"

ಈ ಗರ್ಜನೆಯನ್ನು ಸಮಾಧಾನಪ್ಪನು ದಿನಕ್ಕೊಂದು ಸಲವಾದರೂ ಮಾಡುತ್ತಿದ್ದನು. ದಾಟುವ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನಗೆಯ ಬೆಲೆಯನ್ನು ಅವನ ಮನೆಯವರು ತೆರಬೇಕಾಯಿತು. ಏಕೆಂದರೆ ಸದಾ ಧರಿಸಿದ ಧ್ವನಿಯು ಧರಿಸಿದವನನ್ನೇ ಧರಿಸತೊಡಗುತ್ತದೆ. ಸಾರಿಗೆ ಉಪ್ಪು ಸಾಲದಿದ್ದರೆ ಅವನು "ಉಪ್ಪು ಏಕಿಲ್ಲ? ಜವಾಬು ಹೇಳು!" ಎನ್ನುತ್ತಿದ್ದನು.

"ಕರುಣಾ, ವಸಿ ನೋಡವ್ವ," ಎಂದು ರಾಚಮ್ಮ ಮಗಳನ್ನು ಕರೆಯುವಳು. "ಶೇಕ್ದಾರ್ರು ನಮ್ಮನೇಗೆ ಊಟಕ್ಕೆ ಬಂದವ್ರೆ. ನಿಮ್ಮಪ್ಪ ಎಲ್ಲೋದ್ರೋ ಕಾಣೆ!"

ಕರುಣಮ್ಮ ಆ ಮನೆಯ ಒಬ್ಬಳೇ ಮಗಳು. ನಂಜನಗೂಡಿನ ಮಲ್ಲಯ್ಯನ ಮಗ ಜೀವರತ್ನನಿಗೆ ಅವಳನ್ನು ಕೊಡುವ ಮಾತು ನಡೆದಿತ್ತು. ಕ್ರಿಸ್ತಜಯಂತಿಯ ಕೂಟದಲ್ಲಿ ಹುಡುಗನು ಹುಡುಗಿಯನ್ನು ನೋಡಿದ್ದನು. ಹುಡುಗಿಯು ತಾನು ನೋಡಲಿಲ್ಲವೆಂದು ಕೇಳದವರಿಗೂ ಹೇಳುತ್ತಿದ್ದುದರಿಂದ, ಚೆನ್ನಾಗಿಯೇ ನೋಡಿದ್ದಳೆಂದು ತಾಯಿ ಊಹಿಸಿದ್ದಳು. ಸಮಾಧಾನಪ್ಪನು ಹುಡುಗನನ್ನು ಕಂಡಿದ್ದನೇ ಹೊರತು ಅವನ ತಂದೆತಾಯಿಯನ್ನು ಕಂಡಿರಲಿಲ್ಲ. ಅವರು ಶನಿವಾರ ಬಂದು ಮನೆ ನೋಡುವುದಾಗಿ ಹೇಳಿಕಳುಹಿಸಿದ್ದರು. ರಾಚಮ್ಮ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದಳು.

ಶುಕ್ರವಾರ ಸಂಜೆ ತುಂತುರು ಮಳೆ. ಸಂತೆ ಮುಗಿಸಿದ ಜನರಿಂದ ತುಂಬಿದ ಹರಿಗೋಲು ಆಚೆ ದಡದ ಕಡೆಗೆ ಸಾಗಿತ್ತು. ನಡುನೀರಿಗೆ ಬಂದಾಗ ಹಿಂದಿನ ಕಡವಿನ ಮರದಡಿಯಲ್ಲಿ ಒಂದೇ ಕೊಡೆಯ ಕೆಳಗೆ ನಿಂತ ಎರಡು ಆಕೃತಿಗಳು ಕಂಡವು. ಅವರು ಕೈಬೀಸಿ ಕರೆಯುತ್ತಿದ್ದರು.

"ಸಮಾಧಾನಣ್ಣ, ಶೇಕ್ದಾರ್ರು ಊರಲ್ಲಿಲ್ಲ ಕಣೋ, ಕಣ್ಣು ತೋರ್ಸಕ್ಕೆ ಮೈಸೂರ್ಗೆ ಓಗವ್ರೆ. ಪಾಪ, ಅವರ ಕೆಲ್ಸ ನೀನಾದ್ರೂ ಮಾಡು!" ಎಂದು ಒಬ್ಬನು ಉಬ್ಬಿಸಿದನು.

ಉಬ್ಬಿಸಬೇಕಾದ ಅಗತ್ಯವೇನಿತ್ತು! ಸಮಾಧಾನಪ್ಪನು ಹುಟ್ಟನ್ನು ಬೆತ್ತದಂತೆ ಎತ್ತಿ ಹಿಡಿದು, ಹೊಟ್ಟೆಯನ್ನು ಮುಂದಕ್ಕೆ ತಂದು, "ಯಾರಯ್ಯಾ ಅದು? ಪರಸ್ಥಳದವರೋ?" ಎಂದು ಮೊದಲುಮಾಡಿ "ಹಿಂದಕ್ಕೆ ಹೋಗಿ!" ಎಂಬವರೆಗೆ ಒಂದಕ್ಷರವನ್ನೂ ಬಿಡದೆ ಗರ್ಜಿಸಿದನು. ನೀರಿನ ಮೇಲೆ ಆ ಸದ್ದು ಉರುಳಿಹೋಯಿತು. ಕೊಡೆಯು ಕ್ಷಣಕಾಲ ಅಲ್ಲಾಡದೆ ನಿಂತಿತು. ಆಮೇಲೆ ಮೆಲ್ಲನೆ ತಿರುಗಿ ರಸ್ತೆಯ ಕಡೆಗೆ ನಡೆಯಿತು. ಹರಿಗೋಲಿನೊಳಗಣ ನಗೆಗೆ ಕಪಿಲೆಯೇ ಅಲುಗಿದಂತಾಯಿತು. ಸಮಾಧಾನಪ್ಪನು ಮರಳಿ ಬಂದು ಅವರನ್ನು ದಾಟಿಸುವ ಉದ್ದೇಶದಿಂದಲೇ ಇದ್ದನು. ಬಂದು ನೋಡಿದರೆ ಮರದಡಿಯಲ್ಲಿ ಯಾರೂ ಇರಲಿಲ್ಲ.

ಶನಿವಾರವಿಡೀ ರಾಚಮ್ಮ ಬಾಗಿಲಲ್ಲಿ ಕಾದಳು. ಸಂಜೆಗೆ ಬಂದವನು ಬೀಗನಲ್ಲ, ನಂಜನಗೂಡಿನ ಬಾಳೆಹಣ್ಣಿನ ವ್ಯಾಪಾರದ ನಂಜುಂಡ.

"ಕಾಯ್ಬೇಡ ಕಣವ್ವ," ಎಂದನು ಅವನು. "ನಿಮ್ ಬೀಗ್ರು ನೆನ್ನೇನೇ ಬಂದಿದ್ರು. ಬಂಡಿ ಸಿಕ್ತು ಅಂತ ಒಂದಿನ ಮುಂಚೇನೇ ಒಂಟ್ರಂತೆ. ಕಡವಿನ ತಾವ ನಿಂತವ್ರೆ, ನಡುನೀರಿಂದ ಶೇಕ್ದಾರ್ರು ಬೈದು ಓಡ್ಸವ್ರೆ. ಮಳೇಲಿ ನೆಂದ್ಕೊಂಡು ವಾಪಸ್ ಓದ್ರು. ಗೆಡ್ಡೆ ಎದ್ದೈತಾ ಅಂತ ಕೇಳ್ಬುಟ್ರಲ್ಲ ಅಂತ ಆಯಮ್ಮ ಕಣ್ಣಲ್ಲಿ ನೀರಾಕ್ಕೊಂಡ್ಲು."

"ಶೇಕ್ದಾರ್ರಾ?" ರಾಚಮ್ಮ ಹುಬ್ಬು ಗಂಟಿಕ್ಕಿದಳು. "ಅವ್ರಿನ್ನೂ ಮೈಸೂರಿಂದ ಬಂದೇ ಇಲ್ವಲ್ಲ?"

ಆಮೇಲೆ ಅವಳ ದೃಷ್ಟಿ ಗಂಡನ ಮೇಲೆ ಬಿದ್ದಿತು. ಸಮಾಧಾನಪ್ಪನು ಚಾವಣಿಯ ತೊಲೆಗಳನ್ನು ಅದೇ ತಾನೇ ಮೊದಲ ಬಾರಿಗೆ ಕಂಡವನಂತೆ ಪರೀಕ್ಷಿಸುತ್ತಿದ್ದನು.

"ಇವ್ರೇ," ಎಂದಳು ರಾಚಮ್ಮ. "ಕೂಗಿದ ಗಂಟ್ಲು ಯಾರ್ದು?"

"ಸುಮ್ಕೆ... ತಮಾಸೆಗೆ..."

"ತಮಾಸೆ! ಶೇಕ್ದಾರ್ರು ಕೆಟ್ಟೋರು ಅಂತ ಊರೆಲ್ಲ ಆಡ್ಕೋತೀರಿ. ಅವ್ರು ಇಲ್ದಿದ್ ದಿನಾನೂ ಬಂದೋರು ವಾಪಸ್ ಓಗೋ ಅಂಗೆ ಮಾಡಿದ್ರಲ್ಲ, ಈಗ ಇಬ್ರಲ್ಲಿ ಯಾರು ಕೆಟ್ಟೋರು?"

ಕರುಣಮ್ಮ ಕಜ್ಜಾಯದ ತಟ್ಟೆಯನ್ನು ಒಳಗೆ ಒಯ್ದು ಮುಚ್ಚಿಟ್ಟಳು. ಬೈದಿದ್ದರೆ ತಂದೆ ಸಹಿಸಬಲ್ಲವನಾಗಿದ್ದನು.

ಭಾನುವಾರ ಕೀರ್ತನೆಗೆ ಅವನ ಧ್ವನಿ ಏಳಲಿಲ್ಲ. ಸೋಮವಾರ ಹರಿಗೋಲನ್ನು ತಮ್ಮನಿಗೊಪ್ಪಿಸಿ ಅವನು ನಂಜನಗೂಡಿಗೆ ನಡೆದನು.

ಮಲ್ಲಯ್ಯನು ಬಂಡಿಗಳು ತಂಗುವ ಬಯಲಿನ ಅಂಚಿನಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದನು. ಕ್ರೈಸ್ತನಾದ ಮೇಲೂ ತಂದೆಯಿಟ್ಟ ಹೆಸರನ್ನು ಬಿಟ್ಟಿರಲಿಲ್ಲ. ಸಮಾಧಾನಪ್ಪನು ಹೋದಾಗ ಕೆಂದೆತ್ತೊಂದನ್ನು ನೆಲಕ್ಕೆ ಕೆಡವಿ ಕಾಲು ಕಟ್ಟಿದ್ದರು, ಅದು ಕೊಸರಾಡುತ್ತಿತ್ತು.

"ಅಣ್ಣೋ, ಬಂದ್ಯಾ, ಒಳ್ಳೇದಾಯ್ತು. ಆ ಅಗ್ಗ ವಸಿ ಇಡ್ಕೊ," ಎಂದನು ಮಲ್ಲಯ್ಯ, ತಾನು ಬಹುಕಾಲದಿಂದ ಕಾಯುತ್ತಿದ್ದ ಅಣ್ಣನೊಡನೆ ಮಾತನಾಡುವಂತೆ.

ಕ್ಷಮೆ ಕೇಳಲು ಬಂದವನು ಹಗ್ಗ ಹಿಡಿದು ಕೂತನು. ಲಾಳ ಕಟ್ಟಿ ಮುಗಿದ ಮೇಲೆ ಮಲ್ಲಯ್ಯನು ತಾನೇ ನೀರು ತಂದು ಅವನ ಕಾಲಿಗೆ ಎರೆದನು, ಹೆಗಲ ವಸ್ತ್ರವನ್ನು ಒರೆಸಿಕೊಳ್ಳಲು ಕೊಟ್ಟನು, ಒಳಗೆ ಕರೆದು ಚಾಪೆ ಹಾಸಿದನು. ಆ ಮನೆಯಲ್ಲಿ ಒಂದು ನಿಯಮವಿತ್ತು: ಬಂದವರು ಉಣ್ಣುವವರೆಗೆ ಅವರ ಹೆಸರನ್ನೂ ಕುಲವನ್ನೂ ಬಂದ ಕೆಲಸವನ್ನೂ ಕೇಳಕೂಡದು.

"ನಾನು ಯಾರು ಅಂದ್ರೆ..." ಎಂದು ಸಮಾಧಾನಪ್ಪನು ತೊಡಗಿದನು.

"ಉಂಡ್ಮೇಲೆ ಅದ್ನೆಲ್ಲ ಏಳು ಅಣ್ಣ," ಎಂದನು ಮಲ್ಲಯ್ಯ. "ನಮ್ ಸ್ವಾಮಿ ಆ ಬೆಟ್ಟದ ತಾವ ಅಷ್ಟು ಜನಕ್ಕೆ ರೊಟ್ಟಿ ಕೊಟ್ಟನಲ್ಲ, ಯಾರ ಎಸ್ರು ಕೇಳಿ ಕೊಟ್ಟ?"

ಮಲ್ಲಯ್ಯನ ಹೆಂಡತಿ ಜವರಮ್ಮ ಮುದ್ದೆಯನ್ನೂ ಉಪ್ಪುಸಾರನ್ನೂ ಬಡಿಸಿದಳು. ಅವಳು ಜ್ವರದಿಂದ ಅಂದೇ ಎದ್ದವಳೆಂದು ಅವಳ ಮುಖವೇ ಹೇಳುತ್ತಿತ್ತು. ಸಮಾಧಾನಪ್ಪನ ಗಂಟಲಲ್ಲಿ ಒಂದೊಂದು ತುತ್ತೂ ಹರಿಗೋಲಿನಷ್ಟು ದೊಡ್ಡದಾಯಿತು. ಉಂಡು ಕೈತೊಳೆದ ಮೇಲೆ ಮಲ್ಲಯ್ಯನು, "ಈಗ ಏಳಣ್ಣ, ಯಾವೂರು?" ಎಂದನು.

ಸಮಾಧಾನಪ್ಪನಿಗೆ ಏನು ಹೇಳಿದರೂ ತಾನು ಮಾಡಿದ್ದಕ್ಕಿಂತ ಚಿಕ್ಕದಾಗಿ ತೋರಿತು. ಕಡೆಗೆ ಎದ್ದು ನಿಂತು, ಗೋಡೆಯ ಕಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, "ಯಾರಯ್ಯಾ ಅದು? ಪರಸ್ಥಳದವರೋ?" ಎಂದು ಆರಂಭಿಸಿ ಎಲ್ಲವನ್ನೂ ಹೇಳಿ ಮುಗಿಸಿದನು.

ಜವರಮ್ಮನ ಕೈಯಿಂದ ಸಾರಿನ ಸೌಟು ಬಿದ್ದಿತು. "ಅಯ್ಯಯ್ಯಪ್ಪಾ! ಅದೇ ಗಂಟ್ಲು ಕಣ್ರೀ!"

"ಶೇಕ್ದಾರ್ರಲ್ಲ, ನಾನವ್ವ," ಎಂದನು ಸಮಾಧಾನಪ್ಪ, ಈಗ ತನ್ನದೇ ಧ್ವನಿಯಲ್ಲಿ. ಅದು ತೀರ ಸಣ್ಣದಾಗಿತ್ತು. "ಕರುಣನ ಅಪ್ಪ. ನಗ್ಸಕ್ಕೆ ಅಂತ ಕೂಗ್ದೆ. ನೀವು ಅಂತ ಗೊತ್ತಿರ್ನಿಲ್ಲ."

ಮಲ್ಲಯ್ಯನು ನಗತೊಡಗಿದನು, ಹೊರಗೆ ಕಟ್ಟಿದ್ದ ಕೆಂದೆತ್ತು ಬೆದರಿ ಹಗ್ಗ ಜಗ್ಗುವಷ್ಟು ನಕ್ಕನು. "ಇನ್ನೊಂದ್ಸಲ! ಬೀಗ್ರೇ, ಇನ್ನೊಂದ್ಸಲ ಆಗ್ಲಿ!"

"ನೀವು ನಗ್ಬ್ಯಾಡಿ," ಎಂದಳು ಜವರಮ್ಮ. "ನಾವು ಅಂತ ಗೊತ್ತಿರ್ನಿಲ್ವಂತೆ. ಬ್ಯಾರೆಯೋರಾಗಿದ್ರೆ ಮಳೇಲಿ ನೆನೀಬೋದಾಗಿತ್ತಾ?"

ಸಮಾಧಾನಪ್ಪನು ಬಿದ್ದ ಸೌಟನ್ನು ಎತ್ತಿ ಅವಳ ಮುಂದಿಟ್ಟನು. ಮಲ್ಲಯ್ಯನು ಮಾತನ್ನು ಹಗುರಗೊಳಿಸಲು, "ಎಲ್ಲಾರ್ನೂ ಇಂಗೇ ಅಣಕ ಮಾಡ್ತೀರೇನೋ. ಎಲ್ಲಿ, ನನ್ನ ಮಾಡಿ ನೋಡಾನ," ಎಂದನು.

ಸಮಾಧಾನಪ್ಪನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದನು. ಕೊಂಚ ಬಾಗಿ ನಡೆದನು. ಅದು ಯಾವ ಮುದುಕನ ನಡಿಗೆಯಾದರೂ ಆಗಬಹುದಾಗಿತ್ತು. "ಅಣ್ಣೋ, ಬಂದ್ಯಾ" ಎಂದನು. ಅದು ಬರಿಯ ಮಾತಾಯಿತು. ಜೀವನದಲ್ಲಿ ಮೊದಲ ಬಾರಿಗೆ ಅವನ ವಿದ್ಯೆ ಅವನಿಗೆ ಕೈಕೊಟ್ಟಿತು. ಮಾಣಿಕ್ಯಪ್ಪನವರನ್ನು ಅನುಕರಿಸಲು ಒಂದು ಗಂಟಲು ಸಾಕಾಗಿತ್ತು. ಮಲ್ಲಯ್ಯನನ್ನು ಅನುಕರಿಸಬೇಕಾದರೆ ನೀರು ತುಂಬಿದ ಗಡಿಗೆ ಬೇಕು, ಚಾಪೆ ಬೇಕು, ಮುದ್ದೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ದಣಿದು ಬಂದ ಒಬ್ಬನು ಎದುರಿಗೆ ಬೇಕು.

"ಬರಾಕಿಲ್ಲ ಅಣ್ಣ," ಎಂದು ಸೋಲೊಪ್ಪಿದನು.

"ನನಗೂ ಬರಾಕಿಲ್ಲ," ಎಂದನು ಮಲ್ಲಯ್ಯ. "ನಾನೂ ಒಬ್ಬನ್ನ ನೋಡ್ಕಂಡು ಮಾಡ್ತಿರೋನೇ. ವರ್ಸಗಟ್ಟಲೆ ಆಯ್ತು, ಇನ್ನೂ ಅವನಂಗೆ ಬಂದಿಲ್ಲ." ಹೀಗೆಂದು ಗೋಡೆಯ ಮೇಲಿನ ಮರದ ಶಿಲುಬೆಯ ಕಡೆಗೆ ಗಲ್ಲವೆತ್ತಿ ತೋರಿಸಿದನು.

ಲಗ್ನದ ಮಾತಿಗೆ ಉತ್ತರ ಕೊಟ್ಟವಳು ಜವರಮ್ಮ. "ಉಡ್ಗಿ ಮೇಲೆ ನಮ್ಗೆ ಬ್ಯಾಸ್ರಿಲ್ಲ. ಆದ್ರೆ ನಾಳೆ ನಮ್ ಉಡ್ಗ ಮಾವನ ಮನೇಗೆ ಓದ್ರೆ ಬಾಗ್ಲಲ್ಲಿ ಯಾರ ಗಂಟ್ಲು ಕೇಳ್ತದೋ ಗೊತ್ತಾಗ್ಬೇಕು. ಇನ್ನೊಂದ್ಸಲ ಬತ್ತೀವಿ. ಏಳ್ದೆ ಬತ್ತೀವಿ. ಆವಾಗ ನೋಡಾನ."

ಹೇಳದೆ ಬರುವವರ ಭಯವು ಮನುಷ್ಯನಿಂದ ಏನೇನನ್ನು ಮಾಡಿಸುವುದೆಂಬುದನ್ನು ನರಸೀಪುರದ ಕಡವು ಅಂದಿನಿಂದ ಕಂಡಿತು. ಎರಡು ದಡಗಳಲ್ಲಿಯೂ ತಣ್ಣೀರಿನ ಗಡಿಗೆ ಬಂದಿತು. ಯಾರು ಬೀಗರ ಕಡೆಯ ಗೂಢಚಾರರೋ ತಿಳಿಯದೆ ಸಮಾಧಾನಪ್ಪನು ಎಮ್ಮೆ ವ್ಯಾಪಾರಿಗೂ ಜಂಗಮನಿಗೂ ಜವಾನನಿಗೂ ಒಂದೇ ಸಮನೆ ಉಪಚಾರ ಮಾಡಿದನು. ಹೊತ್ತು ಮೀರಿ ಬಂದವರನ್ನು ಹೆಸರು ಕೇಳದೆ ಮನೆಗೆ ಕರೆದೊಯ್ದನು. ಒಮ್ಮೆ ಕುಡಿದು ತೂರಾಡುತ್ತಿದ್ದವನೊಬ್ಬನಿಗೆ ಚಾಪೆ ಹಾಸಿದಾಗ ರಾಚಮ್ಮ ಒಲೆಯ ಮುಂದೆ ನಿಂತು, "ಇವ್ನೂ ಬೀಗ್ರಾ?" ಎಂದು ಕೇಳಿದಳು. "ಯಾರಿಗ್ಗೊತ್ತು, ಮುದ್ದೆ ಆಕು," ಎಂದನು ಅವನು. ಅವಳು ಗೊಣಗಿದಳು, ಗೊಣಗುತ್ತಲೇ ದಿನವೂ ಒಂದು ಮುದ್ದೆ ಹೆಚ್ಚಾಗಿ ತೊಳಸುವುದನ್ನು ರೂಢಿಮಾಡಿಕೊಂಡಳು.

ದಾಟುವ ಜನಕ್ಕೆ ಮಾತ್ರ ಇದು ಸಪ್ಪೆಯಾಯಿತು. "ಏನ್ಲಾ ಸಮಾಧಾನ, ಗಂಟ್ಲು ಕಟ್ಟೈತಾ? ಶೇಕ್ದಾರ್ರನ್ನ ಬಿಡ್ಲಾ ಒಂದ್ಸಲ!" ಎಂದು ಪೀಡಿಸುವರು. ಅವನ ಗಂಟಲು ತುರಿಸುವುದು. ಅವನು ನೀರು ಕುಡಿದು ಸುಮ್ಮನಾಗುವನು. ಹೀಗೆ ಮಾಡುತ್ತ ಮಾಡುತ್ತ, ಒಂದು ದಿನ ಕಾಲಿಗೆ ಮುಳ್ಳು ನೆಟ್ಟ ದಾರಿಹೋಕನೊಬ್ಬನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದು ಮುಗಿಸಿದ ಮೇಲೆ, ತನಗೆ ಬೀಗರ ನೆನಪೇ ಬರಲಿಲ್ಲವೆಂದು ಹೊಳೆದು ಅವನೇ ಬೆರಗಾದನು.

ಹೇಳದೆ ಬರುವವರು ಒಂದು ಭಾನುವಾರ ಮಧ್ಯಾಹ್ನ ಬಂದರು. ಈಚೆ ದಡದಲ್ಲಿ ಹರಿಗೋಲು ಹತ್ತಿದ ಮಲ್ಲಯ್ಯನನ್ನೂ ಜವರಮ್ಮನನ್ನೂ ಕಂಡು ಸಮಾಧಾನಪ್ಪನಿಗೆ ಸಂತೋಷದಿಂದ ಹುಟ್ಟೇ ಜಾರಿತು. ಆದರೆ ಆಚೆ ದಡದಲ್ಲಿ, ಸುಡುವ ಬಿಸಿಲಿನಲ್ಲಿ, ಬೆತ್ತವೂರಿ ನಿಂತಿದ್ದವರು ಸಾಕ್ಷಾತ್ ಮಾಣಿಕ್ಯಪ್ಪನವರು. ಅವರ ಹಿಂದೆ ಕೇರಿಯ ಅರ್ಧ ಜನ. ಯಾರೋ ಪುಣ್ಯಾತ್ಮರು ಅವರ ಕಿವಿಗೆ ಎಲ್ಲವನ್ನೂ ಊದಿದ್ದರು.

"ಏಯ್ ಹರಿಗೋಲಿನವನೇ! ನನ್ನನ್ನು ಅಣಕಿಸುತ್ತೀಯಂತೆ, ಅಲ್ಲವೇ? ಎಲ್ಲಿ, ಈಗ ನನ್ನ ಸಮಕ್ಷಮದಲ್ಲಿ ಮಾಡು! ಮಾಡಯ್ಯಾ!"

ಜನ ಮುಂದಕ್ಕೆ ಒತ್ತಿ ನಿಂತರು. ಇಂತಹ ರಂಗಭೂಮಿ, ಇಂತಹ ಪ್ರೇಕ್ಷಕರು, ಎದುರಿಗೆ ಮೂಲಪುರುಷನೇ! ಒಂದೇ ಒಂದು "ಯಾರಯ್ಯಾ ಅದು" ಸಾಕಾಗಿತ್ತು; ಆ ನಗೆ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತಿತ್ತು, ಮುದುಕರು ಅದರಿಂದ ಮತ್ತೆಂದೂ ತಲೆಯೆತ್ತುತ್ತಿರಲಿಲ್ಲ. ಅವನ ಗಂಟಲು ತಾನಾಗಿಯೇ ಆ ಧ್ವನಿಗೆ ಸಜ್ಜಾಯಿತು. ಹಿಂದಿನಿಂದ ಒಬ್ಬನು "ಬಿಡ್ಲಾ!" ಎಂದು ಪಿಸುಗುಟ್ಟಿದನು. ದಡದ ಗುಂಪಿನಲ್ಲಿದ್ದ ಕರುಣಮ್ಮ ತಾಯಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

ಸಮಾಧಾನಪ್ಪನು ಬಾಯಿ ತೆರೆದನು. ಆಗ ಅವನ ದೃಷ್ಟಿ ಮಾಣಿಕ್ಯಪ್ಪನವರ ಮುಖದ ಮೇಲೆ ಬಿದ್ದಿತು. ಕಣ್ಣಿಗೆ ಮದ್ದು ಹಾಕಿಸಿಕೊಂಡ ಮುದುಕರು ಬಿಸಿಲನ್ನು ತಾಳಲಾರದೆ ಕಣ್ಣಲ್ಲಿ ನೀರು ಸುರಿಸುತ್ತಿದ್ದರು. ಅವನು ದಡಕ್ಕೆ ನೆಗೆದು, ಹೆಗಲ ವಸ್ತ್ರವನ್ನು ಮರದ ನೆರಳಿನ ಕಲ್ಲಿನ ಮೇಲೆ ಹಾಸಿ, ಗಡಿಗೆಯಿಂದ ನೀರು ಬಗ್ಗಿಸಿ ತಂದನು.

"ಅಣ್ಣೋ, ಬಂದ್ಯಾ... ಅಲ್ಲಲ್ಲ, ಬುದ್ದೀ, ಬನ್ನಿ, ಕುಂತ್ಕಳಿ. ದಣ್ದಿದೀರಿ. ವಸಿ ನೀರು ಕುಡೀರಿ."

ಒಬ್ಬರೂ ನಗಲಿಲ್ಲ. ಇದು ಯಾರ ಅನುಕರಣೆಯೆಂದು ಆ ದಡದವರಿಗೆ ತಿಳಿಯಲಿಲ್ಲ. ತಿಳಿದವಳು ಒಬ್ಬಳೇ. ಹರಿಗೋಲಿನೊಳಗಿಂದ ಜವರಮ್ಮ ಕೂಗಿದಳು: "ಅಯ್ಯೋ ನೋಡ್ರಪ್ಪಾ! ಇವ್ರು ನಮ್ ಯಜಮಾನ್ರನ್ನ ಮಾಡ್ತಾವ್ರೆ! ಥೇಟ್ ಅಂಗೇನೆ!"

ಮಲ್ಲಯ್ಯನು ನಾಚಿ ನೀರನ್ನು ನೋಡಿದನು.

ಜಗಳಕ್ಕೆ ಸಿದ್ಧರಾಗಿ ಬಂದವರಿಗೆ ಜಗಳ ಸಿಕ್ಕದಿದ್ದರೆ ಕೈಕಾಲು ಎಲ್ಲಿಡಬೇಕೆಂದು ತೋರುವುದಿಲ್ಲ. ಮಾಣಿಕ್ಯಪ್ಪನವರು ಕಲ್ಲಿನ ಮೇಲೆ ಕುಳಿತರು, ನೀರು ಕುಡಿದರು, ಕಣ್ಣೊರೆಸಿಕೊಂಡರು. ಅಧಿಕಾರದ ಒಂದೆಳೆಯನ್ನಾದರೂ ಉಳಿಸಿಕೊಳ್ಳಬೇಕೆಂದು, "ಇವರು ಯಾರು? ಎಲ್ಲಿಯವರು? ಹೆಸರೇನು?" ಎಂದು ಬೀಗರ ಕಡೆ ಬೆತ್ತ ತೋರಿಸಿದರು.

"ಅವ್ರಿನ್ನೂ ಉಂಡಿಲ್ಲ ಬುದ್ದಿ," ಎಂದನು ಸಮಾಧಾನಪ್ಪ. "ಉಂಡ್ಮೇಲೆ ಕೇಳಾನ. ನೀವೂ ಬನ್ನಿ. ನಿಮ್ಮನ್ನೂ ಉಂಡ್ಮೇಲೇನೇ ಕೇಳ್ತೀವಿ."

ಮಾಣಿಕ್ಯಪ್ಪನವರು ತಮಗೆ ಪಥ್ಯವೆಂದರು. ಪಥ್ಯದವರು ಎರಡು ಮುದ್ದೆ ಉಂಡರು. ಮನೆಗೆ ಅತಿಥಿಗಳಾಗಿ ಯಾರೂ ತಮ್ಮನ್ನು ಕರೆದು ಬಹುಕಾಲವಾಯಿತೆಂದು ಅವರು ಹೇಳಲಿಲ್ಲ; ಎದ್ದು ಹೋಗುವ ಅವಸರ ತೋರದಿದ್ದುದರಿಂದ ರಾಚಮ್ಮ ಅದನ್ನು ತಿಳಿದುಕೊಂಡಳು. ಉಂಡ ಮೇಲೆ ಬೀಗರ ಹೆಸರು ಕೇಳಲಾಯಿತು, ಜವರಮ್ಮ ಕರುಣಮ್ಮನನ್ನು ಹತ್ತಿರ ಕರೆದು ಮುಡಿಗೆ ಹೂ ಮುಡಿಸಿ, "ಈ ಮನೇಗೆ ನಮ್ ಉಡ್ಗ ಯಾವತ್ ಬಂದ್ರೂ ಬಾಗ್ಲು ತೆಗೀತದೆ. ನಮ್ಗೆ ಒಪ್ಗೆ," ಎಂದಳು. ಲಗ್ನವು ಕಾರ್ತಿಕದಲ್ಲಿ ನಡೆಯಿತು. ಮಾಣಿಕ್ಯಪ್ಪನವರು ಎಂದಿನಂತೆ ಮೊದಲ ಬೆಂಚಿನಲ್ಲಿಯೇ ಕುಳಿತರು. ಎಲ್ಲ ಗುಣಗಳೂ ಒಂದೇ ಊಟಕ್ಕೆ ಬದಲಾಗುವುದಿಲ್ಲ. ಆದರೆ ನಂಜನಗೂಡಿನಿಂದ ಬಂದ ಪರಸ್ಥಳದವರಿಗಾಗಿ ತುಸು ಸರಿದು ಜಾಗ ಬಿಟ್ಟರೆಂಬುದನ್ನು ಕಂಡವರಿದ್ದಾರೆ.

ಸಮಾಧಾನಪ್ಪನೇ, ನಿನ್ನ ಹೊಳೆ ತುಂಬಿದಾಗಲೂ ನಿನ್ನ ಹರಿಗೋಲು ದಡವನ್ನು ಮರೆಯದಿರಲಿ. ರಾಚಮ್ಮನ ಒಲೆಯಲ್ಲಿ ಕೆಂಡವೂ ಮಡಕೆಯಲ್ಲಿ ಹಿಟ್ಟೂ ಬಂದವರಿಗಿಂತ ಒಂದು ಹಿಡಿ ಹೆಚ್ಚಾಗಿಯೇ ಇರಲಿ. ಕರುಣಮ್ಮ ಜೀವರತ್ನರ ಮಕ್ಕಳು ತಾತಂದಿರಿಬ್ಬರನ್ನೂ ನೋಡಿ ನಡೆಯುವುದನ್ನು ಕಲಿಯಲಿ. ಹಸಿದವರ ಹೆಸರು ಕೇಳದೆ ಉಣಬಡಿಸಿದ ಕರ್ತನು ನಿನ್ನ ಮನೆಯವರೆಲ್ಲರನ್ನೂ ಹೆಸರು ಹಿಡಿದು ಕರೆದು, ತನ್ನ ಪಂಕ್ತಿಯಲ್ಲಿ ಹತ್ತಿರ ಕೂರಿಸಿಕೊಳ್ಳಲಿ. ಆಮೆನ್.